ಬಾಣಂತಿ ಕೋಣೆಯ ಮೂವತ್ತೆರಡು ಡಿಗ್ರಿ

ಸಾವಂತ್ರವ್ವ ಗೋಡೆಯ ಮೇಲಿನ ಬಿಳಿ ಡಬ್ಬಿಯನ್ನು ಕಳ್ಳನನ್ನು ನೋಡುವಂತೆ ನೋಡಿದಳು.

"ಎಷ್ಟು ತೋರಸ್ತೈತಿ?"

"ಮೂವತ್ತೆರಡು ಯವ್ವಾ," ಎಂದ ಮಗ ಬಸು.

"ಅದು ನನಗೂ ಕಾಣತೈತಿ. ಖರೇನ ಅಷ್ಟ ಐತೇನು ಅಂತ ಕೇಳಿದೆ."

"ಸುಳ್ಳ ಹೇಳಾಕ ಅದೇನು ಮನಶ್ಯಾ ಏನು?"

ಹೊರಸಿನ ಮೇಲಿದ್ದ ಪ್ರೀತಿ ಗೋಡೆಯ ಕಡೆಗೆ ಹೊರಳಿದಳು. ನಕ್ಕರೆ ಕೆಲಸ ಕೆಡುತ್ತಿತ್ತು.

ಡಬ್ಬಿ ಸುಳ್ಳು ಹೇಳುತ್ತಿತ್ತು. ಸರಿಯಾಗಿ ಏಳು ಡಿಗ್ರಿ.

ಪ್ರೀತಿ ಚೊಚ್ಚಲ ಹೆರಿಗೆಗೆ ಇಳಕಲ್ಲಿನ ಗಂಡನ ಮನೆಯಿಂದ ಗುಳೇದಗುಡ್ಡದ ತವರಿಗೆ ಬಂದಿದ್ದಳು. ಹೆತ್ತದ್ದು ಡಿಸೆಂಬರಿನ ಚಳಿಯಲ್ಲಿ. ಅವಳ ತಾಯಿ ಸಾವಂತ್ರವ್ವನೋ, ಓಣಿಯಲ್ಲಿ ನಲವತ್ತು ಬಾಣಂತನ ಮಾಡಿದ ಹೆಂಗಸು. ಕಿಟಕಿ ಮುಚ್ಚುವುದು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು, ಅದರ ಮೇಲೆ ಅಜವಾನ ಉದುರಿಸುವುದು ಅವಳ ಪದ್ಧತಿ. ಕೆಂಡ ತಪ್ಪಿಸಿದ ಓಣಿಯ ಸೊಸೆಯಂದಿರನ್ನು ಅವಳು ಬೀದಿಯಲ್ಲಿ ನಿಲ್ಲಿಸಿ ಬೈದದ್ದುಂಟು. ಆರನೆಯ ದಿನಕ್ಕೆ ಪ್ರೀತಿಯ ಬೆನ್ನ ತುಂಬ ಬೆವರುಸಾಲೆ ಎದ್ದಿತು. ಏಳನೆಯ ದಿನ ಕೂಸು ಕೆಮ್ಮತೊಡಗಿತು.

"ಇನ್ನೊಮ್ಮೆ ಹೊಗಿ ಹಾಕಿದ್ರ ಕೂಸಿನ ಎದಿ ಕೆಡತೈತಿ ನೋಡ್ರಿ," ಎಂದರು ದವಾಖಾನೆಯ ಡಾಕ್ಟರಮ್ಮ.

"ಆಕಿ ಎಷ್ಟ ಬಾಣಂತಾನ ಮಾಡ್ಯಾಳ?" ಎಂದಳು ಸಾವಂತ್ರವ್ವ, ದಾರಿಯಲ್ಲಿ ಒಂದು ಚೀಲ ಇದ್ದಿಲು ಕೊಂಡು.

ಬಸು ಪವರ್‌ಲೂಮ್ ರಿಪೇರಿ ಮಾಡುವವನು. ಅವ್ವನ ಜೊತೆ ವಾದಕ್ಕಿಳಿದು ಗೆದ್ದವರಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಬಾಗಲಕೋಟೆಗೆ ಹೋಗಿ ಒಂದು ಹೀಟರ್, ಅದನ್ನು ಹತೋಟಿಯಲ್ಲಿಡುವ ಸ್ಮಾರ್ಟ್ ಥರ್ಮೋಸ್ಟಾಟಿನ ಬಿಳಿ ಡಬ್ಬಿ ತಂದ.

"ಕೆಂಡ ಆರತೈತಿ, ಇದು ಆರೂದಿಲ್ಲ. ನೀ ಎಷ್ಟ ಅಂತಿ ಅಷ್ಟ ಕಾಯತೈತಿ."

"ಮೂವತ್ತೆರಡು. ಒಂದ ಕಮ್ಮಿ ಆತೋ, ಡಬ್ಬಿ ಕಿತ್ತ ತಿಪ್ಪಿಗೆ ಒಗದು ಕೆಂಡ ಇಡ್ತೇನಿ."

ಅಂಕಿ ತಪ್ಪಾಗಿ ಕಂಡರೆ ತಿದ್ದಲೆಂದು ಫೋನಿನಲ್ಲಿ ಒಂದು ಸೆಟ್ಟಿಂಗ್ ಇತ್ತು. ಸರಿಯಾಗಿದ್ದ ಅಂಕಿಯನ್ನು ಬಸು ಅಲ್ಲಿಯೇ ಕೆಡಿಸಿದ. ಕೋಣೆ ಇಪ್ಪತ್ತೈದಕ್ಕೆ ಬಂದರೆ ಸಾಕು, ಡಬ್ಬಿ ಮೂವತ್ತೆರಡು ಎನ್ನುತ್ತಿತ್ತು, ಹೀಟರ್ ಬಾಯಿ ಮುಚ್ಚುತ್ತಿತ್ತು. ವಾರದಲ್ಲಿ ಬೆವರುಸಾಲೆ ಒಣಗಿತು. ಕೂಸಿನ ಕೆಮ್ಮು ನಿಂತಿತು.

ಸಾವಂತ್ರವ್ವ ಆ ಅಂಕಿಯನ್ನು ಓಣಿಗೆಲ್ಲ ತೋರಿಸಿದಳು. ಪಕ್ಕದ ಮನೆಯ ಬಾನುಬಿಯನ್ನು ಕೈಹಿಡಿದು ಕರೆತಂದಳು. "ನೋಡ, ಮೂವತ್ತೆರಡು! ಕೆಂಡಕ್ಕ ಎಲ್ಲಿ ಬರಬೇಕ ಇಷ್ಟು ಕಾವು?" ಎನ್ನುತ್ತಲೇ ಶಾಲನ್ನು ಕಿವಿಯವರೆಗೆ ಎಳೆದುಕೊಂಡಳು.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಡಬ್ಬಿಯ ಅಂಕಿ ಮಾಯವಾಯಿತು. ಸಾವಂತ್ರವ್ವ ಧಡಕ್ಕನೆ ಎದ್ದು ಹಿತ್ತಲಿಗೆ ನಡೆದಳು. ಬಸುವಿನ ಜೀವ ಬಾಯಿಗೆ ಬಂತು. ಆದರೆ ಅವಳು ಬರಿಗೈಯಲ್ಲಿ ಮರಳಿದಳು.

"ಇದ್ದಲಿ ಹಸೇ ಆಗ್ಯಾವ," ಎಂದು ಗೊಣಗಿದಳು.

ಮಳೆಯಾಗಿ ಎರಡು ತಿಂಗಳಾಗಿತ್ತು. ಬಸು ಮಾತ್ರ ಕಂಡ ದೇವರಿಗೆಲ್ಲ ಕೈಮುಗಿದ.

ನಿಜವಾದ ಗಂಡಾಂತರ ಇಪ್ಪತ್ತನೆಯ ದಿನ ಇಳಕಲ್ ಬಸ್ಸಿನಿಂದ ಇಳಿಯಿತು. ಪ್ರೀತಿಯ ಅತ್ತೆ ಇಂದ್ರಾಬಾಯಿ. ಒಂದು ಕೈಯಲ್ಲಿ ಅಂಟಿನುಂಡೆಯ ಡಬ್ಬಿ, ಇನ್ನೊಂದರಲ್ಲಿ ಕೊಡೆ. ಬರುವ ಮೊದಲೇ ಫೋನಿನಲ್ಲಿ ಹೇಳಿದ್ದಳು: "ಕ್ವಾಣಿ ತಣ್ಣಗ ಇತ್ತಂದ್ರ ಸೊಸಿನ್ನ, ಮಮ್ಮಗನ್ನ ಅವತ್ತ ಕರ್ಕೊಂಡ ಬರಾಕಿ ನಾ. ನಮ್ಮನ್ಯಾಗ ಅಗ್ಗಿಷ್ಟಿಗಿ ತಯಾರೈತಿ."

ಪ್ರೀತಿ ಎರಡು ಕಂಬಳಿ ಹೊದ್ದು, ಹಣೆಗೆ ತಂಬಿಗೆಯ ನೀರು ಚಿಮುಕಿಸಿಕೊಂಡು, ಬಳಲಿದವಳಂತೆ ಮಲಗಿದಳು.

ಇಂದ್ರಾಬಾಯಿ ಹೊರಸಿನ ತುದಿಗೆ ಕೂತಳು. ಗೋಡೆಯ ಡಬ್ಬಿಯನ್ನು ನೋಡಿದಳು. ಕೂಸಿನ ಅಂಗಾಲು ಮುಟ್ಟಿದಳು. ಸೊಸೆಯ ಹಣೆ ಒರೆಸಿ ತನ್ನ ಬೆರಳು ನೋಡಿಕೊಂಡಳು.

"ಬೆವರು ಭಾಳ ತಂಪ ಐತಿ."

"ಚಳಿಗಾಲದ ಬೆವರು ಹಂಗ ಇರತೈತ್ರಿ ಅಕ್ಕಾರ," ಎಂದಳು ಸಾವಂತ್ರವ್ವ, ಕಣ್ಣು ಮಿಟುಕಿಸದೆ.

ಇಂದ್ರಾಬಾಯಿ ಮತ್ತೊಮ್ಮೆ ಗೋಡೆಯ ಕಡೆ ಕತ್ತೆತ್ತಿದಳು. ಆ ಕೋಣೆಯಲ್ಲಿ ನಿಜವಾಗಿ ಬೆವರುತ್ತಿದ್ದವನು ಬಸು ಒಬ್ಬನೇ.

"ಮೂವತ್ತೆರಡು," ಎಂದಳು ಕೊನೆಗೆ. "ಭೇಷ್ ಐತಿ. ಕೂಸು ಇನ್ನೆರಡ ತಿಂಗಳ ಇಲ್ಲೇ ಇರಲಿ."

ಪ್ರೀತಿ ಕಂಬಳಿಯೊಳಗೆ ಉಸಿರು ಬಿಟ್ಟಳು. ಇಬ್ಬರು ಮುದುಕಿಯರನ್ನು ಒಂದೇ ಡಬ್ಬಿಯಲ್ಲಿ ಯಾಮಾರಿಸಿದ ಬಸು ಮೀಸೆಯಲ್ಲೇ ನಕ್ಕ. ಬೀಗತಿಯ ಚೀಲ ಹೊತ್ತು ಬಸ್ ಸ್ಟ್ಯಾಂಡಿಗೆ ಹೊರಟ.

ಬಸ್ಸು ಇನ್ನೂ ಬಂದಿರಲಿಲ್ಲ. ಇಂದ್ರಾಬಾಯಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ಇಂಥದ್ದ ಒಂದ ನಮ್ಮನ್ಯಾಗೂ ಹಚ್ಚಬೇಕ ನೋಡ ತಮ್ಮಾ. ಕೂಸು ಬರೂದರಾಗ."

"ಹಚ್ಚೂಣ್ರಿ ಅತ್ತಿ. ಭಾಳ ಬೆಚ್ಚಗ ಇಡತೈತಿ."

"ಬೆಚ್ಚಗ!" ಇಂದ್ರಾಬಾಯಿ ಬಾಯಿಗೆ ಸೆರಗು ಹಚ್ಚಿ ನಕ್ಕಳು. "ನಲವತ್ತ ಬಾಣಂತಾನ ಮಾಡಿದ ಕೈಗೆ ಕಾವು ಯಾವುದು, ತಂಪು ಯಾವುದು ತಿಳಿಯೂದಿಲ್ಲೇನು? ಡಬ್ಬಿ ಹಚ್ಚಿದ ದಿನಾನ ನಿಮ್ಮವ್ವ ಫೋನ್ ಮಾಡಿದ್ಲು. 'ಅಕ್ಕಾರ, ಓಣಿಗೆಲ್ಲಾ ಬೈದಾಕಿ ಈಗ ಕೆಂಡ ಬ್ಯಾಡ ಅಂತ ಯಾವ ಬಾಯಿಲೆ ಹೇಳ್ಲಿ? ಹುಡುಗ ಏನಿಲ್ಲಂದ್ರೂ ಏಳ ಡಿಗ್ರಿ ಸುಳ್ಳ ಇಟ್ಟಾನ, ಪುಣ್ಯಾ ಕಟಗೊಂಡಾನ. ನೀವೂ ಬಂದು ಗೊತ್ತಿಲ್ಲದಂಗ ಮೂವತ್ತೆರಡು ಅಂದು ಹೋಗ್ರಿ' ಅಂದ್ಲು."

ಬಸುವಿನ ಕೈಯಿಂದ ಚೀಲ ಜಾರಿತು.

"ಆದ್ರ ನಮ್ಮಲ್ಲಿ ಏಳು ಸಾಲೂದಿಲ್ಲ," ಎಂದಳು ಇಂದ್ರಾಬಾಯಿ, ಬಸ್ಸಿಗೆ ಕೈ ಮಾಡುತ್ತ. "ಹತ್ತು ಇಡು. ನನಗೂ ಅತ್ತಿ ಅದಾಳ."