ಹಳ್ಳಕ್ಕೆ ಇಳಿದ ಆರು ಚುಕ್ಕೆಗಳು

"ಅಪ್ಪಾ, ನಿಲ್ಲಿ. ಗುಡ್ಡ ಹತ್ತಬೇಡಿ," ಎಂದಳು ಮಗಳು ವಾಕಿಟಾಕಿಯಲ್ಲಿ. ಕಾಳ್ಗಿಚ್ಚಿನ ಮೇಲೆ ಅವಳು ಹಾರಿಸಿದ್ದ ಡ್ರೋನಿನ ಪುಟ್ಟ ಶಾಖದ ಸೆನ್ಸರ್, ಗುಡ್ಡದ ಆಚೆ ಮಗ್ಗುಲಲ್ಲೂ ಬೆಂಕಿ ತೋರಿಸುತ್ತಿತ್ತು.

"ಗಾಳಿ ನೋಡಿದರೆ ಆ ಕಡೆ ಬೆಂಕಿ ಇರಲಿಕ್ಕಿಲ್ಲ ಕಣೇ," ಎಂದರು ಅಪ್ಪ. ಮೂವತ್ತು ವರ್ಷ ಬೆಂಕಿ ಆರಿಸಿದವರು. ಬೆನ್ನ ಹಿಂದೆ ತಂಡದ ಐವರಿದ್ದರು.

"ಹೊಗೆ ನಿಮ್ಮ ಮೂಗಿಗೆ ಬಂದಿಲ್ಲ, ಬೆಂಕಿ ನನ್ನ ಕಣ್ಣಿಗೆ ಬಿದ್ದಿದೆ. ಹಳ್ಳಕ್ಕೆ ಇಳಿಯಿರಿ."

ಮಗಳು ಪರದೆ ನೋಡಿದಳು. ಅಪ್ಪ ಮತ್ತು ತಂಡದವರ ಆರು ಚುಕ್ಕೆಗಳು ನಿಂತವು, ಆಮೇಲೆ ಒಂದೊಂದಾಗಿ ಹಳ್ಳದ ಕಡೆ ತಿರುಗಿದವು. ಅವು ಹಳ್ಳ ದಾಟುವಷ್ಟರಲ್ಲಿ ಗುಡ್ಡದ ನೆತ್ತಿ ಧಗ್ಗನೆ ಹೊತ್ತಿಕೊಂಡಿತು.

"ಮನೇಲಿ ನಿಮ್ಮಮ್ಮ ಹೇಳಿದ ಹಾಗೆ ಕೇಳ್ತೀನಿ," ಎಂದರು ಅಪ್ಪ, ಏದುಸಿರು ಬಿಡುತ್ತ. "ಇನ್ನು ಕಾಡಲ್ಲೂ ನನ್ನದೇನೂ ನಡೆಯಲ್ಲ ಅನ್ನು."

ಐವರೂ ನಗುವುದು ಕೇಳಿಸಿತು. ಮಗಳು ಕಣ್ಣೊರೆಸಿಕೊಂಡು ನಕ್ಕು, "ಈಗ ಬಲಕ್ಕೆ ತಿರುಗಿ," ಎಂದಳು.