ಮಾಸಿನ ಗುರುತು

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಯಮನೂರ ತಲೆ ಎತ್ತಲಿಲ್ಲ. ಮಣಿಪಾಲದ ಕಟ್ಟಡಗಳಿಗೆ ಸಿಮೆಂಟು ಚೀಲ ಹೊತ್ತ ಹೆಗಲು ಕುಸಿದಿತ್ತು. ತನ್ನ ಮೂಗಿನ ಹಿಂದೆ ವೈರಸ್ಸಿನ ದೆಸೆಯಿಂದ ಬೆಳೆದ ಆ ಅಪರೂಪದ ಕ್ಯಾನ್ಸರನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದವನು ಅವನೇ.

“ಸುತ್ತ ನೀಲಿ ಚುಕ್ಕಿ ಅದಾವಲ್ರೀ, ಏನವು?”

“ನಿಮ್ಮ ಮೈಯನ್ನು ಕಾಯುವ ಕಣಗಳು,” ಎಂದರು ಡಾಕ್ಟರ್ ಸುಭಾಷಿಣಿ.

“ಇಷ್ಟು ಮಂದಿ ನಿಂತು ಸುಮ್ಮನ ನೋಡಾಕತ್ತಾವೇನ್ರೀ? ನನ್ನ ಮೈ ಇಷ್ಟು ಹೇಡಿ?”

“ರೋಗದ ಕಣಗಳ ಅಂಚಿಗೆ ನಾವು ಹಾಕಿದ ಕಂದು ಬಣ್ಣ ಉಂಟಲ್ವಾ? ಅದು ತೋರಿಸುವುದು ಹೊಡೆಯಬೇಡ ಎನ್ನುವ ಗುರುತನ್ನು. ಆ ಗುರುತನ್ನು ಕಂಡರೆ ಕಾಯುವ ಕಣಗಳು ಕೈ ಎತ್ತುವುದಿಲ್ಲ.” ಅವರು ಸೂಕ್ಷ್ಮದರ್ಶಕದಡಿ ಇನ್ನೊಂದು ಗಾಜಿನ ಪಟ್ಟಿಯನ್ನಿಟ್ಟು ಅವನ ತಾಯಿ ಯಂಕವ್ವನನ್ನು ಕರೆದರು. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ಹೋಲಿಸಿ ನೋಡಲು ಇಟ್ಟುಕೊಂಡಿದ್ದ ಗಾಜು ಅದು. ಅದರಲ್ಲೂ ಅದೇ ಕಂದು.

“ಇದೂ ಕ್ಯಾನ್ಸರೇನ್ರಿ ಅಕ್ಕಾರ?”

“ಅಲ್ಲ ಅಮ್ಮಾ, ಹೆರಿಗೆಯಲ್ಲಿ ಮಗುವಿನ ಹಿಂದೆ ಬೀಳುವ ಮಾಸು. ಹೊಟ್ಟೆಯ ಮಗುವನ್ನು ತಾಯಿಯ ಮೈ ಹೊರಗಿನದೆಂದು ಹೊಡೆಯಬಾರದಲ್ಲ, ಅದಕ್ಕೇ ಮಾಸಿಗೂ ಈ ಗುರುತು ಉಂಟು. ರೋಗ ಅದನ್ನೇ ಹಾಕಿಕೊಂಡಿದೆ.”

“ಅದನ್ನ ಅಳಸೋ ಔಷಧ?” ಎಂದ ಯಮನೂರ.

೨೦೦೬ರ ಆ ಮಧ್ಯಾಹ್ನ ಸುಭಾಷಿಣಿಯ ಬಳಿ ಒಂದೇ ಉತ್ತರವಿತ್ತು. “ಇನ್ನೂ ಬಂದಿಲ್ಲ. ಸದ್ಯಕ್ಕೆ ಕರೆಂಟು, ಅಂದರೆ ವಿಕಿರಣ, ಕೊಡುವುದೇ ದಾರಿ.”

ಯಂಕವ್ವ ಮತ್ತೊಮ್ಮೆ ಬಗ್ಗಿ ಮಾಸನ್ನು ನೋಡಿದಳು. ಮೈಯಾಗ ಕಸುವಿಲ್ಲ, ಅದಕ್ಕ ರೋಗ ಹತ್ತೇತಿ ಎಂದು ದಿನಾ ಮಗನನ್ನು ಬೈಯುತ್ತಿದ್ದವಳು ಈಗ ಅವನ ಬೆನ್ನ ಮೇಲೆ ಅಂಗೈ ಇಟ್ಟಳು.

“ಹೇಡಿ ಅಲ್ಲೋ ನನ್ನಪ್ಪಾ. ಕೂಸು ಐತಿ ಅಂತ ತಿಳಕೊಂಡು ಕಾಯಾಕತ್ತೇತಿ ನಿನ್ನ ಮೈ.”