ಗುಜರಿ ಪೆಟ್ಟಿಗೆಯ ಹಾಜರಿ

"ಹೊಸ ಕಂಪ್ಯೂಟರಿಗೇ ಆಗದ್ದು ಈ ಗುಜರಿಗೆ ಆಗುತ್ತಾ, ಅಕ್ಕಾವ್ರೇ?" ಮ್ಯಾನೇಜರ್ ನಕ್ಕ. ಹನ್ನೊಂದು ವರ್ಷ ಬಟ್ಟೆ ಹೊಲಿದ ನಲವತ್ತು ಹೆಂಗಸರು ತನ್ನ ಕಾರ್ಖಾನೆಯವರೇ ಅಲ್ಲ ಎಂದು ಅವನು ಈಗಷ್ಟೇ ಕಾರ್ಮಿಕ ಅಧಿಕಾರಿಯ ಮುಂದೆ ಹೇಳಿದ್ದ.

ಅವನು ಎಸೆದ ಕಂಪ್ಯೂಟರನ್ನು ಮನೆಗೊಯ್ದು ಕಾಪಾಡಿದ್ದ ಕಾರ್ಖಾನೆಯ ಟೈಪಿಸ್ಟ್ ಚೀಲದಿಂದ ಹಳೆಯ ಹಾಜರಿಯ ಫ್ಲಾಪಿ ತೆಗೆದಳು. ಅಧಿಕಾರಿಯ ಮೇಜಿನ ಹೊಸ ಕಂಪ್ಯೂಟರಿಗೆ ಅದನ್ನು ನುಂಗಲು ಬಾಯೇ ಇರಲಿಲ್ಲ. ಹಳೆಯದು ಗಬಕ್ಕನೆ ನುಂಗಿ ಗುರ್ರೆಂದಿತು. ಕಪ್ಪು ಪರದೆ, ಮೌಸಿಲ್ಲ, ಚಿತ್ರವಿಲ್ಲ. ಕಾರ್ಖಾನೆಯಲ್ಲಿ ದಿನಾ ಬೆಳಿಗ್ಗೆ ಹಾಜರಿ ತೆರೆಯಲು ಹೊಡೆಯುತ್ತಿದ್ದ ಅದೇ ಆಜ್ಞೆಯ ಸಾಲನ್ನು ಅವಳ ಬೆರಳುಗಳು ತಾವಾಗಿಯೇ ಹೊಡೆದವು. ಹಸಿರು ಅಕ್ಷರಗಳಲ್ಲಿ ಆ ಹೆಂಗಸರ ಹೆಸರು, ತಾರೀಖುಗಳು ಸರಸರನೆ ಇಳಿದವು.

ಅಧಿಕಾರಿ ಕನ್ನಡಕ ಏರಿಸಿ ಮೊದಲ ಹೆಸರನ್ನು ಗಟ್ಟಿಯಾಗಿ ಓದಿದರು.

ಬಾಗಿಲಾಚೆ ನಿಂತಿದ್ದ ಗುಂಡಿ ಹೊಲಿಯುವಾಕೆ ಕೈಯೆತ್ತಿ ಕೂಗಿದಳು: "ಹಾಜರ್!"